ವಿಶ್ವವಿದ್ಯಾನಿಲಯದ ಗಣಕಯಂತ್ರವೂ ಅಚ್ಚುಕಟ್ಟಿನ ಕೊನೆಯ ಗದ್ದೆಯೂ

(ಕೆಂಗೇರಿ ಕಡೆಯ ಕೃಷಿ ಇನ್‌ಸ್ಪೆಕ್ಟರೊಬ್ಬರು, ಎಲ್.ಎಜಿ., ಬರೆದುದು)

ಒಂದು ಕೆರೆಯ ಯೋಗ್ಯತೆಯನ್ನು ಅದರ ಏರಿಯ ಎತ್ತರದಿಂದಾಗಲಿ ತೂಬಿನ ಕಲ್ಲುಗೆಲಸದಿಂದಾಗಲಿ ರೈತರು ನಿರ್ಣಯಿಸುವುದಿಲ್ಲ. ಅಚ್ಚುಕಟ್ಟಿನ ಕೊನೆಯ ಗದ್ದೆಗೆ ಸಕಾಲದಲ್ಲಿ ನೀರು ಮುಟ್ಟುವುದೋ ಇಲ್ಲವೋ ಎಂಬುದೇ ಅವರು ನೋಡತಕ್ಕ ಪರೀಕ್ಷೆ. ಏರಿ ಭದ್ರವಾಗಿದ್ದು ಕೆರೆ ಕೋಡಿ ಹರಿಯುತ್ತಿದ್ದರೂ, ನಡುವಿನ ಕಾಲುವೆಯಲ್ಲಿ ಹೂಳು ತುಂಬಿದ್ದರೆ ಕೊನೆಯ ಗದ್ದೆಯವನ ಪೈರು ಒಣಗುವುದು ನಿಶ್ಚಯ. ನಮ್ಮ ದೇಶದಂತೆ ಅಭಿವೃದ್ಧಿಯ ಮಾರ್ಗದಲ್ಲಿರುವ ದೇಶಗಳ ವಿಶ್ವವಿದ್ಯಾನಿಲಯಗಳು ಗಣಕಯಂತ್ರ, ಅಂತರ್ಜಾಲ, ಉಪಗ್ರಹ, ಮೊಬೈಲ್ ದೂರವಾಣಿ ಮೊದಲಾದ ಸಾಧನಗಳನ್ನು ಬಳಕೆಗೆ ತರುವ ವಿಚಾರದಲ್ಲಿಯೂ ಇದೇ ಪರೀಕ್ಷೆಯನ್ನು ಅನ್ವಯಿಸಬೇಕೆಂಬುದು ನಮ್ಮ ಅಭಿಪ್ರಾಯ. ಎಷ್ಟು ಯಂತ್ರಗಳನ್ನು ಕೊಂಡರು, ಎಷ್ಟು ಲಕ್ಷ ಖರ್ಚಾಯಿತು ಎಂದು ಕೇಳುವುದಕ್ಕಿಂತ, ಅವುಗಳಿಂದ ಹಳ್ಳಿಯ ಮನೆಯ ಬಾಗಿಲಿಗೆ ಬಂದ ಅರಿವೆಷ್ಟು ಎಂದು ಕೇಳುವುದೇ ಯುಕ್ತವಾದುದು.

ಈ ವಿಷಯ ರೈತರಿಗೇಕೆ?

ವ್ಯವಸಾಯದ ಮಾಸಪತ್ರಿಕೆಯಲ್ಲಿ ಈ ಪ್ರಸ್ತಾಪವೇಕೆಂದು ಕೆಲವರು ಕೇಳಬಹುದು. ಅದಕ್ಕೆ ಎರಡು ಕಾರಣಗಳುಂಟು.

ಮೊದಲನೆಯದು, ನಿಮ್ಮ ಮಕ್ಕಳು ಅಲ್ಲಿಗೆ ಹೋಗುತ್ತಿರುವರು. ಬೆಂಗಳೂರು ವಿಶ್ವವಿದ್ಯಾನಿಲಯವು ೧೯೬೪ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಬೇರ್ಪಟ್ಟು ಸ್ಥಾಪಿತವಾಯಿತು; ೧೯೭೩ರಲ್ಲಿ ನಗರದ ಪಶ್ಚಿಮಕ್ಕೆ ಸುಮಾರು ೧,೧೦೦ ಎಕರೆ ವಿಸ್ತೀರ್ಣದ ಜ್ಞಾನಭಾರತಿ ಆವರಣಕ್ಕೆ ಬಂದಿತು. ಹಿಂದೆ ಅಲ್ಲಿಂದ ಕೆಂಗೇರಿಯವರೆಗೆ ರಾಗಿ, ಅವರೆ, ಹುರುಳಿಗಳ ಹೊಲಗಳೇ ಕಾಣುತ್ತಿದ್ದುವು. ಈಗ ೨೦೨೧ರ ಆಗಸ್ಟ್‌ನಿಂದ ಕೆಂಗೇರಿಗೂ, ೨೦೨೩ರ ಅಕ್ಟೋಬರಿನಿಂದ ಚಲ್ಲಘಟ್ಟದವರೆಗೂ ಮೆಟ್ರೋ ರೈಲು ಓಡಾಡುತ್ತಿದೆ. ತಾವರೆಕೆರೆ, ರಾಮೋಹಳ್ಳಿ, ಬಿಡದಿಗಳ ಕಡೆಯ ಹುಡುಗರೂ ಹುಡುಗಿಯರೂ ಬೆಳಗ್ಗೆ ಮನೆಯಿಂದ ಹೊರಟು ಪಾಠ ಕೇಳಿ ಸಂಜೆಗೆ ಮರಳಬಹುದಾಗಿದೆ. ಇನ್ನೂ ದೂರದವರು ವಿಜಯನಗರ, ಬಸವೇಶ್ವರನಗರ, ರಾಜಾಜಿನಗರಗಳಲ್ಲಿ ಕೋಣೆಗಳನ್ನು ಬಾಡಿಗೆಗೆ ಹಿಡಿದು ಓದುತ್ತಿರುವರು. ಕೊಮ್ಮಘಟ್ಟ, ರಾಮಸಂದ್ರ, ಸೂಲಿಕೆರೆ ಮೊದಲಾದ ಗ್ರಾಮಗಳ ಜಮೀನಿನಲ್ಲಿ ಬಹುಭಾಗ ನಾಡಪ್ರಭು ಕೆಂಪೇಗೌಡ ಬಡಾವಣೆಗೆ ಹೋಗಿರುವುದು ಸರ್ವರಿಗೂ ತಿಳಿದ ವಿಷಯ. ಹೊಲವಿಲ್ಲದ ಮನೆಗೆ ಮಕ್ಕಳ ವಿದ್ಯೆಯೇ ಆಸ್ತಿ. ಆ ಆಸ್ತಿ ಗಟ್ಟಿಯೋ ಪೊಳ್ಳೋ ಎಂಬುದನ್ನು ತಂದೆಯಾದವನು ವಿಚಾರಿಸಿ ನೋಡಬೇಡವೆ?

ಎರಡನೆಯದು, ನಿಮ್ಮ ಬೇಸಾಯದ ತಿಳಿವಳಿಕೆಯೂ ವಿಶ್ವವಿದ್ಯಾನಿಲಯದಿಂದಲೇ ಬರತಕ್ಕದ್ದಾಗಿದೆ. ಅದೇ ೧೯೬೪ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವೂ ಆರಂಭವಾಯಿತು. ಇಂಡಾಫ್ ರಾಗಿಗಳು, ಬೆಂಕಿರೋಗವನ್ನು ತಾಳಿಕೊಳ್ಳುವ ಜಿ.ಪಿ.ಯು.-೨೮, ಎಂ.ಎಲ್.-೩೬೫ ಮೊದಲಾದ ತಳಿಗಳು ಅಲ್ಲಿನವರ ಪರಿಶ್ರಮದಿಂದ ನಿಮ್ಮ ಕಣಕ್ಕೆ ಬಂದಿವೆ. ಹೊಸ ತಳಿಯ ಬೀಜವಾದರೋ ಒಂದು ಸೇರು ಬಂದರೂ ಸಾಕು, ನೆರೆಯವನು ಕಂಡು ಕೇಳಿ ಪಡೆದು ಹಬ್ಬಿಸುವನು. ಆದರೆ ಯಾವ ಕಾಲದಲ್ಲಿ ಬಿತ್ತಬೇಕು, ಯಾವ ಮಣ್ಣಿಗೆ ಯಾವ ಗೊಬ್ಬರ, ಹೊಸದಾಗಿ ಕಂಡ ಹುಳುವಿಗೆ ಏನು ಪರಿಹಾರ ಎಂಬ ತಿಳಿವಳಿಕೆ ಬೀಜದಂತೆ ತಾನಾಗಿ ಹಬ್ಬುವುದಿಲ್ಲ. ಅದನ್ನು ಯಾರಾದರೂ ಹೊತ್ತು ತರಬೇಕು. ಹೊತ್ತು ತರುವ ಹೊಸ ವಾಹನವೇ ಈಗ ಹೇಳುತ್ತಿರುವ ಯಂತ್ರಗಳು.

ಹಿಂದೆ ನಡೆದ ಪ್ರಯೋಗಗಳು

ನಮ್ಮ ನಾಡು ಈ ಕೆಲಸದಲ್ಲಿ ಹಿಂದುಳಿದುದಲ್ಲ. ೧೯೮೬ರಲ್ಲಿ ಭಾರತದ ವಿದ್ಯಾಸಂಸ್ಥೆಗಳ ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಅರ್ನೆಟ್ ಎಂಬ ಜಾಲವು ಪ್ರಾರಂಭವಾದಾಗ, ಮೊದಲು ಸೇರಿದ ಕೆಲವೇ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವೂ ಒಂದಾಗಿತ್ತು. ೧೯೯೮ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ೨೦೦೪ರಲ್ಲಿ ಉಪಗ್ರಹದ ಮೂಲಕ ಪಾಠ ಹೇಳುವ ಪ್ರಯೋಗ ನಡೆಯಿತು. ಒಬ್ಬ ಉಪಾಧ್ಯಾಯರು ಒಂದೆಡೆ ಕುಳಿತು ಹೇಳಿದ ಪಾಠವನ್ನು ದೂರದೂರದ ಊರುಗಳ ಕಾಲೇಜುಗಳಲ್ಲಿ ಅದೇ ಗಳಿಗೆಯಲ್ಲಿ ಕೇಳಬಹುದಾಗಿತ್ತು. ಅದೇ ವರ್ಷ ಸೆಪ್ಟೆಂಬರ್ ೨೦ರಂದು ವಿದ್ಯಾಭ್ಯಾಸಕ್ಕೆಂದೇ ನಿರ್ಮಿಸಿದ ಎಡ್ಯುಸ್ಯಾಟ್ ಉಪಗ್ರಹವನ್ನು ಆಕಾಶಕ್ಕೆ ಹಾರಿಸಿದರು. ವಿದ್ಯೆಗಾಗಿಯೇ ಒಂದು ಉಪಗ್ರಹವನ್ನು ಮೀಸಲಿಟ್ಟುದು ನಮ್ಮ ದೇಶಕ್ಕೆ ಗೌರವದ ಸಂಗತಿಯೇ ಸರಿ.

ಆದರೆ ಫಲವೇನಾಯಿತು? ಉಪಗ್ರಹವು ೨೦೧೦ರಲ್ಲಿ ಸೇವೆಯಿಂದ ನಿವೃತ್ತವಾಯಿತು. ೨೦೧೩ರಲ್ಲಿ ಭಾರತದ ಮಹಾಲೆಕ್ಕ ಪರಿಶೋಧಕರು ತಮ್ಮ ವರದಿಯಲ್ಲಿ, ಕೆಳಗಿನ ಜಾಲಗಳನ್ನು ಸ್ಥಾಪಿಸುವುದರಲ್ಲಿಯೂ ಪಾಠಗಳನ್ನು ಸಿದ್ಧಪಡಿಸುವುದರಲ್ಲಿಯೂ ಉಸ್ತುವಾರಿಯಲ್ಲಿಯೂ ಇದ್ದ ಕೊರತೆಗಳನ್ನು ಎತ್ತಿ ತೋರಿಸಿದರು. ಮೇಲಿನ ಕೆರೆ ತುಂಬಿತ್ತು. ಕೆಳಗಿನ ಕಾಲುವೆ ಸಿದ್ಧವಾಗಿರಲಿಲ್ಲ.

ಹೊರದೇಶದಲ್ಲಿಯೂ ಇಂತಹುದೇ ನಿದರ್ಶನವುಂಟು. ೧೯೯೭ರಲ್ಲಿ ವಿಶ್ವಬ್ಯಾಂಕಿನವರು ಆಫ್ರಿಕಾ ಖಂಡಕ್ಕಾಗಿ ದೂರಪಾಠದ ಒಂದು ವಿಶ್ವವಿದ್ಯಾನಿಲಯವನ್ನು ಏರ್ಪಡಿಸಿದರು. ಮೊದಮೊದಲು ಅಮೆರಿಕ, ಯೂರೋಪುಗಳ ಪಂಡಿತರ ಪಾಠಗಳನ್ನೇ ಉಪಗ್ರಹದ ಮೂಲಕ ಇಳಿಸುತ್ತಿದ್ದರು. ಕಾಲಕ್ರಮದಲ್ಲಿ ಸಂಸ್ಥೆಯ ಮುಖ್ಯಸ್ಥಾನವು ಕೀನ್ಯಾ ದೇಶದ ನೈರೋಬಿಗೆ ಬಂದು, ಆ ಖಂಡದ ಉಪಾಧ್ಯಾಯರೇ ತಮ್ಮ ವಿದ್ಯಾರ್ಥಿಗಳಿಗೆ ತಕ್ಕ ಪಾಠಗಳನ್ನು ಬರೆಯುವ ಕ್ರಮಕ್ಕೆ ತಿರುಗಿದರು. ಪರದೇಶದ ಬೀಜವನ್ನು ತಂದು ಬಿತ್ತಿದ ಮಾತ್ರಕ್ಕೆ ಅದು ನಮ್ಮ ಮಣ್ಣಿಗೆ ಹೊಂದುವುದಿಲ್ಲವೆಂಬುದು ವ್ಯವಸಾಯಗಾರರಿಗೆ ಹೊಸದಾಗಿ ಹೇಳತಕ್ಕ ಮಾತಲ್ಲ.

ಪಹಣಿಯಿಂದ ಕಲಿಯತಕ್ಕ ಪಾಠ

ಹಾಗಾದರೆ ಯಂತ್ರವು ಕೊನೆಯ ಗದ್ದೆಗೆ ಮುಟ್ಟಿದ ನಿದರ್ಶನವೇ ಇಲ್ಲವೆ? ಉಂಟು. ಅದು ನಿಮ್ಮ ಮನೆಯ ಪೆಟ್ಟಿಗೆಯಲ್ಲಿಯೇ ಇದೆ. ಕರ್ನಾಟಕ ಸರ್ಕಾರದವರು ೨೦೦೦ನೆಯ ವರ್ಷದ ಸುಮಾರಿಗೆ ‘ಭೂಮಿ’ ಯೋಜನೆಯಿಂದ ೧೭೭ ತಾಲ್ಲೂಕುಗಳ ಸುಮಾರು ೬೭ ಲಕ್ಷ ರೈತರಿಗೆ ಸೇರಿದ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದರು. ಆರಂಭದಲ್ಲಿ ೧೫ ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲಿ ನಿಂತಲ್ಲೇ ಪಹಣಿ ದೊರೆಯುತ್ತಿತ್ತು. ಅದಕ್ಕೆ ಹಿಂದೆ ಒಂದು ಪಹಣಿಗಾಗಿ ಎಷ್ಟು ಸಲ ಅಲೆಯಬೇಕಾಗಿತ್ತೆಂಬುದು ಹಿರಿಯರ ನೆನಪಿನಲ್ಲಿದೆ.

ಈ ಯೋಜನೆ ಏಕೆ ನೆಲೆ ನಿಂತಿತು? ಯಂತ್ರ ಒಳ್ಳೆಯದಾಗಿದ್ದುದರಿಂದ ಮಾತ್ರವಲ್ಲ. ಗಣಕಯಂತ್ರದ ಪಹಣಿ ಬಂದ ಮೇಲೆ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸರ್ಕಾರದವರು ಗೊತ್ತುಮಾಡಿದರು. ಹಳೆಯ ದಾರಿಯನ್ನು ಮುಚ್ಚಿ ಹೊಸ ದಾರಿಯನ್ನು ತೆರೆದರು. ಆ ಕೆಲಸಕ್ಕೆಂದೇ ಜನರನ್ನು ತರಬೇತು ಮಾಡಿ ಕೂರಿಸಿದರು. ಬರಹವು ಕನ್ನಡದಲ್ಲಿತ್ತು. ಇವು ಮೂರೂ ಒಟ್ಟಿಗೆ ಕೂಡಿಬಂದುದರಿಂದ ಫಲ ದೊರೆಯಿತು. ಅದರಲ್ಲಿಯೂ ದೋಷಗಳಿಲ್ಲದೆ ಇರಲಿಲ್ಲ. ಹಳೆಯ ಪುಸ್ತಕದಲ್ಲಿದ್ದ ತಪ್ಪು ಹೆಸರು, ತಪ್ಪು ಗುಂಟೆ ಯಂತ್ರಕ್ಕೂ ಹೋಗಿ, ತಿದ್ದಿಸಿಕೊಳ್ಳಲು ರೈತರು ಇಂದಿಗೂ ಶ್ರಮಪಡುತ್ತಿರುವರು. ಯಂತ್ರವು ಕೊಟ್ಟುದನ್ನೇ ಹಿಂದಕ್ಕೆ ಕೊಡುವುದು. ಜೊಳ್ಳನ್ನು ಸುರಿದರೆ ಕಾಳು ಬಾರದು.

ವಿಶ್ವವಿದ್ಯಾನಿಲಯಗಳಲ್ಲಾದರೋ ಈ ಮೂರು ಅಂಶಗಳು ಕೂಡಿಬಂದಿರುವುದು ವಿರಳ. ಹಳೆಯ ದಾರಿ ಹಾಗೆಯೇ ಉಳಿದಿದೆ. ಹೊಸ ಯಂತ್ರವು ಅದರ ಪಕ್ಕದಲ್ಲಿ ಕುಳಿತಿದೆ. ವಿದ್ಯಾರ್ಥಿಯು ಅರ್ಜಿಯನ್ನು ಯಂತ್ರದಲ್ಲಿ ತುಂಬಿ, ಅದನ್ನೇ ಮುದ್ರಿಸಿ, ಕೈಯಲ್ಲಿ ಹಿಡಿದು ಕಿಟಕಿಯ ಮುಂದೆ ನಿಲ್ಲುವ ಪದ್ಧತಿಯನ್ನು ಯಾರು ಕಂಡಿಲ್ಲ? ಇದು ಒಂದೇ ಕೆಲಸವನ್ನು ಎರಡು ಸಲ ಮಾಡಿದಂತಾಯಿತೇ ಹೊರತು ಸುಧಾರಣೆಯಲ್ಲ.

ನೀರು ಸೋರುವ ಮೂರು ಕಡೆಗಳು

ನಮ್ಮ ಅಭಿಪ್ರಾಯದಲ್ಲಿ ಈ ಕಾಲುವೆಯ ನೀರು ಮುಖ್ಯವಾಗಿ ಮೂರು ಕಡೆ ಸೋರಿಹೋಗುತ್ತಿದೆ.

ಒಂದು, ಭಾಷೆ. ೨೦೨೫ರ ಜನವರಿ ೧ರಿಂದ ಕೇಂದ್ರ ಸರ್ಕಾರದವರು ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಯೋಜನೆಯನ್ನು ಜಾರಿಗೆ ತಂದರು. ಮೂರು ವರ್ಷಗಳಿಗೆ ೬,೦೦೦ ಕೋಟಿ ರೂಪಾಯಿಗಳ ವೆಚ್ಚದಲ್ಲಿ, ೩೦ ಪ್ರಕಾಶಕರ ಸುಮಾರು ೧೩,೦೦೦ ವಿದ್ವತ್ಪತ್ರಿಕೆಗಳನ್ನು, ಕೇಂದ್ರ ಹಾಗೂ ರಾಜ್ಯ ಸರ್ಕಾರಗಳ ಆಡಳಿತದಲ್ಲಿರುವ ಸುಮಾರು ೬,೩೦೦ ಸಂಸ್ಥೆಗಳ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಅಂತರ್ಜಾಲದಲ್ಲಿ ಓದಬಹುದು. ಹಿಂದೆ ದೊಡ್ಡ ಪುಸ್ತಕಭಂಡಾರಗಳಲ್ಲಿ ಮಾತ್ರ ಸಿಗುತ್ತಿದ್ದ ಪತ್ರಿಕೆಯನ್ನು ಇಂದು ಸಣ್ಣ ಊರಿನ ಸರ್ಕಾರಿ ಕಾಲೇಜಿನ ಹುಡುಗಿಯೂ ಓದಬಹುದೆಂಬುದು ಸಾಮಾನ್ಯವಾದ ಲಾಭವಲ್ಲ. ಆದರೆ ಈ ಪತ್ರಿಕೆಗಳು ಬಹುಮಟ್ಟಿಗೆ ಎಲ್ಲವೂ ಇಂಗ್ಲಿಷಿನಲ್ಲಿವೆ. ನಮ್ಮ ವಿಶ್ವವಿದ್ಯಾನಿಲಯಗಳ ಸಂಶೋಧನ ಪ್ರಬಂಧಗಳನ್ನು ‘ಶೋಧಗಂಗಾ’, ‘ಕೃಷಿಕೋಶ’ ಎಂಬ ಭಂಡಾರಗಳಲ್ಲಿ ಸಂಗ್ರಹಿಸಿಟ್ಟಿರುವರು. ಅವುಗಳಲ್ಲಿಯೂ ವ್ಯವಸಾಯಕ್ಕೆ ಸಂಬಂಧಿಸಿದುವು ಸಾಧಾರಣವಾಗಿ ಇಂಗ್ಲಿಷಿನವೇ. ರೈತನ ಹೊಲದ ಮಣ್ಣನ್ನು ಪರೀಕ್ಷಿಸಿ, ರೈತನ ಮನೆಯ ಜಗುಲಿಯಲ್ಲಿ ಕುಳಿತು ಪ್ರಶ್ನೆಗಳನ್ನು ಕೇಳಿ ಬರೆದ ಪ್ರಬಂಧವನ್ನು ಆ ರೈತನು ಓದಲಾರನು. ಇದಕ್ಕಿಂತ ದೊಡ್ಡ ಸೋರಿಕೆ ಮತ್ತಾವುದು?

ಕನ್ನಡದಲ್ಲಿ ಬರೆದುವೂ ಒಂದು ಕಾಲಕ್ಕೆ ಬೇರೊಂದು ತೊಡಕಿಗೆ ಸಿಕ್ಕಿದ್ದುವು. ಹಳೆಯ ಪದ್ಧತಿಯ ಅಕ್ಷರಗಳಲ್ಲಿ ಕನ್ನಡದ ರೂಪಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ್ದರು. ಅದೇ ಅಚ್ಚು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗೀಚುಗಳು ಕಾಣುವುವು. ‘ರಾಗಿ’ ಎಂದು ಹುಡುಕಿದರೆ ರಾಗಿ ಸಿಗದು. ಯೂನಿಕೋಡ್ ಎಂಬ ಕ್ರಮದಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಆದ ಸಂಖ್ಯೆಯನ್ನು ೧೯೯೧ರಲ್ಲಿಯೇ ಗೊತ್ತುಮಾಡಿದ್ದರೂ, ಹಳೆಯ ಪದ್ಧತಿಯಲ್ಲಿ ಬರೆದಿಟ್ಟ ಕಡತಗಳು ಇಂದಿಗೂ ಕಚೇರಿಗಳಲ್ಲಿ ಉಳಿದಿವೆ. ಹೆಸರು ಚೀಟಿ ಅಂಟಿಸದ ಚೀಲಗಳಲ್ಲಿ ಬಿತ್ತನೆಬೀಜವನ್ನು ತುಂಬಿಟ್ಟಂತೆ, ಅವು ಇದ್ದೂ ಇಲ್ಲದಂತಾಗಿವೆ.

ಎರಡು, ಮನುಷ್ಯ. ನಮ್ಮ ಕೆರೆಗಳಿಗೆ ನೀರುಗಂಟಿಯೊಬ್ಬನಿರುತ್ತಿದ್ದನು. ಯಾರ ಗದ್ದೆಗೆ ಎಷ್ಟು ಹೊತ್ತು, ಯಾವ ಮಡೆಯನ್ನು ಯಾವಾಗ ಕಟ್ಟಬೇಕು ಎಂಬುದೆಲ್ಲ ಅವನಿಗೆ ಕಂಠಪಾಠ. ಅವನಿಗೆ ಊರವರು ಕಣದಲ್ಲಿ ಧಾನ್ಯ ಅಳೆದು ಕೊಡುತ್ತಿದ್ದರು. ವಿದ್ಯೆಯ ಕಾಲುವೆಗೆ ನೀರುಗಂಟಿ ಯಾರು? ಕಾಲೇಜಿನ ಉಪಾಧ್ಯಾಯನು. ಅವನ ಕೊಠಡಿಯಲ್ಲಿ ಯಂತ್ರವನ್ನಿಟ್ಟು, ಅದರಿಂದ ಪಾಠ ಹೇಳುವ ಕ್ರಮವನ್ನು ಅವನಿಗೆ ಕಲಿಸದೆ ಹೋದರೆ, ಅವನು ಹಳೆಯ ಟಿಪ್ಪಣಿಯನ್ನೇ ಗೋಡೆಯ ಮೇಲೆ ಬೆಳಕಿನಲ್ಲಿ ಮೂಡಿಸಿ ಓದುವನು. ‘ಸ್ವಯಂ’ ಎಂಬ ಅಂತರ್ಜಾಲ ಪಾಠಶಾಲೆ ೨೦೧೭ರಲ್ಲಿ ತೆರೆಯಿತು. ಅದರ ಪಾಠಗಳನ್ನು ಉಚಿತವಾಗಿ ಕೇಳಬಹುದು. ೨೦೨೧ರ ನಿಯಮದಂತೆ, ವಿಶ್ವವಿದ್ಯಾನಿಲಯದವರು ಒಪ್ಪಿದಲ್ಲಿ, ಒಂದು ವ್ಯಾಸಂಗದ ಶೇಕಡ ೪೦ರವರೆಗಿನ ಭಾಗವನ್ನು ಅದರಿಂದ ಪೂರೈಸಿಕೊಳ್ಳಬಹುದು. ಆದರೆ ಹಳ್ಳಿಯಿಂದ ಬಂದ ಹುಡುಗನಿಗೆ ಯಾವ ಪಾಠ ತನಗೆ ತಕ್ಕದ್ದು, ಹೇಗೆ ಸೇರಬೇಕು, ನಡುವೆ ತಿಳಿಯದೆ ಹೋದರೆ ಯಾರನ್ನು ಕೇಳಬೇಕು ಎಂದು ಹೇಳತಕ್ಕ ಒಬ್ಬ ಮನುಷ್ಯನು ಬೇಕು. ದೇವರು ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯಂತೆ ಆಗಬಾರದು.

ಮೂರು, ಉಸ್ತುವಾರಿ. ಯಂತ್ರ ಕೊಳ್ಳುವ ದಿನ ಹಾರ ತುರಾಯಿಗಳುಂಟು, ಭಾಷಣಗಳುಂಟು. ಮೂರು ವರ್ಷದ ನಂತರ ಅದರ ಬ್ಯಾಟರಿ ಸತ್ತಾಗ ಯಾರೂ ಇರುವುದಿಲ್ಲ. ಪಂಪುಸೆಟ್ಟು ಕೊಂಡವನು ಮೋಟಾರು ಸುಟ್ಟುಹೋದರೆ ತಂತಿ ಸುತ್ತಿಸುವ ಖರ್ಚನ್ನು ಮುಂಚಿತವಾಗಿಯೇ ಎಣಿಸುವನು. ವಿದ್ಯಾಸಂಸ್ಥೆಗಳ ಆಯವ್ಯಯದಲ್ಲಾದರೋ ಕೊಳ್ಳುವ ಬಾಬಿಗೆ ಹಣವಿದ್ದರೆ ಕಾಪಾಡುವ ಬಾಬಿಗೆ ಇರುವುದಿಲ್ಲ. ೨೦೨೧-೨೨ರಿಂದ ರಾಜ್ಯದ ವಿಶ್ವವಿದ್ಯಾನಿಲಯಗಳ ಪ್ರವೇಶ, ಪರೀಕ್ಷೆ, ಅಂಕಪಟ್ಟಿಗಳನ್ನು ಒಂದೇ ಗಣಕ ವ್ಯವಸ್ಥೆಗೆ ತರುವ ಪ್ರಯತ್ನ ನಡೆದುದು ಸ್ತುತ್ಯವಾದುದು. ಅಂಕಪಟ್ಟಿಗಳು ತಡವಾದುವೆಂಬ ದೂರುಗಳು ವೃತ್ತಪತ್ರಿಕೆಗಳಲ್ಲಿ ಬಂದುದೂ ಉಂಟು. ಅಂಕಪಟ್ಟಿ ಒಂದು ತಿಂಗಳು ತಡವಾದರೆ ಮುಂದಿನ ವ್ಯಾಸಂಗವಾಗಲಿ ಉದ್ಯೋಗವಾಗಲಿ ಕೈತಪ್ಪಬಹುದು. ಮೃಗಶಿರೆಯ ಮಳೆ ತಪ್ಪಿದರೆ ಬಿತ್ತನೆ ಕೆಟ್ಟಂತೆಯೇ. ಆದುದರಿಂದ ಯಂತ್ರವನ್ನು ನಡೆಸುವ ಜಾಣತನಕ್ಕೂ ಹಣವನ್ನು ಮೀಸಲಿಡಬೇಕು.

ಒಂದೇ ದೂರವಾಣಿಯ ಮನೆ

೨೦೨೦ರ ಮಾರ್ಚಿನಲ್ಲಿ ಕೋವಿಡ್ ವ್ಯಾಧಿಯ ದೆಸೆಯಿಂದ ಕಾಲೇಜುಗಳು ಮುಚ್ಚಿ ಪಾಠಗಳು ಮೊಬೈಲ್ ದೂರವಾಣಿಗೆ ಬಂದಾಗ, ಈ ಮೂರು ಸೋರಿಕೆಗಳೂ ಬಯಲಿಗೆ ಬಿದ್ದುವು. ೨೦೨೧ರಲ್ಲಿ ರಾಜ್ಯ ಸರ್ಕಾರದವರು ಸರ್ಕಾರಿ ಕಾಲೇಜುಗಳ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಉಚಿತವಾಗಿ ಟ್ಯಾಬ್ಲೆಟ್ ಯಂತ್ರಗಳನ್ನು ಹಂಚಿದುದು ದೊಡ್ಡ ಉಪಕಾರವಾಯಿತು. ಆದರೂ ನಮ್ಮ ಕಡೆಯ ಹಳ್ಳಿಗಳಲ್ಲಿ ಅನೇಕ ಮನೆಗಳಿಗೆ ಒಂದೇ ದೂರವಾಣಿ. ಬೆಳಗ್ಗೆ ಅದು ಯಜಮಾನನ ಜೇಬಿನಲ್ಲಿ ಹೊಲಕ್ಕೆ ಹೋಗುವುದು. ಮರಳಿದ ಮೇಲೆ ಮಗನ ಕೈಗೆ. ಮಗಳ ಸರದಿ ಬರುವ ಹೊತ್ತಿಗೆ ಪಾಠ ಮುಗಿದಿರುವುದು. ಹಾಗೆ ಪಾಠ ತಪ್ಪಿದ ಹುಡುಗಿಯರಲ್ಲಿ ಕೆಲವರು ಮದುವೆಯಾಗಿ ಹೋದರು. ಮತ್ತೆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಇದಕ್ಕೆ ವಿಶ್ವವಿದ್ಯಾನಿಲಯದವರನ್ನು ಮಾತ್ರ ದೂರಿದರೆ ನ್ಯಾಯವಾಗದು. ಕಾಲುವೆಯ ಕೊನೆಯ ಗಜವು ನಮ್ಮ ನಮ್ಮ ಮನೆಯೊಳಗೇ ಇದೆ. ಅಲ್ಲಿ ಮಡೆ ಕಟ್ಟುವವರು ನಾವೇ.

ಕೆಲವು ಆಕ್ಷೇಪಣೆಗಳು

ಗ್ರಾಮಗಳ ಹಿರಿಯರಲ್ಲಿ ಕೆಲವರು, ‘ಈ ಯಂತ್ರಗಳಿಂದ ಹುಡುಗರು ಕೆಡುತ್ತಾರೆ, ಹಗಲಿರುಳೂ ಆಟ, ಸಿನಿಮಾ, ಓದು ಎಲ್ಲಿ?’ ಎನ್ನುವರು. ಇದರಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಎತ್ತು ಬೇಲಿ ಹಾರಿತೆಂದು ಎತ್ತನ್ನೇ ಮಾರಿದರೆ ಉಳುವುದು ಯಾವುದರಿಂದ? ಗೊತ್ತಾದ ಹೊತ್ತು, ಗೊತ್ತಾದ ಸ್ಥಳ, ಹಿರಿಯರೊಬ್ಬರ ದೃಷ್ಟಿ ಇದ್ದಲ್ಲಿ ಈ ದೋಷವು ಬಹುಮಟ್ಟಿಗೆ ನಿವಾರಣೆಯಾಗುವುದು.

ಮತ್ತೆ ಕೆಲವರು, ‘ಈಗ ಯಂತ್ರವೇ ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸುವುದಲ್ಲ, ಮನುಷ್ಯರೇಕೆ?’ ಎಂದು ಕೇಳುವರು. ಕೇಂದ್ರ ಸರ್ಕಾರದ ‘ಭಾಷಿಣಿ’ ೨೦೨೨ರಲ್ಲಿ ಆರಂಭವಾದುದು ನಿಜ. ಯಂತ್ರಾನುವಾದವು ವರ್ಷ ವರ್ಷಕ್ಕೂ ಉತ್ತಮವಾಗುತ್ತಿರುವುದೂ ನಿಜ. ಆದರೆ ಲೀಟರಿಗೆ ೨ ಗ್ರಾಂ ಎಂಬುದು ೨೦ ಗ್ರಾಂ ಎಂದಾದರೆ ಪೈರೇ ಸುಟ್ಟುಹೋಗುವುದು. ಒಂದು ರೋಗದ ಹೆಸರು ಇನ್ನೊಂದಾದರೆ ಔಷಧಿಯ ಹಣ ನೀರುಪಾಲು. ಯಂತ್ರವು ತಿರುಗಿಸಲಿ, ವಿಷಯ ಬಲ್ಲವನೊಬ್ಬನು ಓದಿ ತಿದ್ದಿ ತನ್ನ ಹೆಸರನ್ನು ಕೆಳಗೆ ಬರೆಯಲಿ. ಹೊಣೆ ಹೊರುವವನಿಲ್ಲದ ಸಲಹೆಯನ್ನು ಹೊಲಕ್ಕೆ ಹಾಕಬಾರದು.

‘ಬಡದೇಶಕ್ಕೆ ಇಷ್ಟು ಖರ್ಚು ತಕ್ಕದ್ದೆ?’ ಎಂಬುದು ಮೂರನೆಯ ಆಕ್ಷೇಪಣೆ. ಕೊಂಡು ಮೂಲೆಯಲ್ಲಿಟ್ಟರೆ ತಕ್ಕದ್ದಲ್ಲ. ಸಾವಿರ ಜನಕ್ಕೆ ಉಪಯೋಗವಾದರೆ ತಕ್ಕದ್ದು. ಒಂದು ಪುಸ್ತಕವನ್ನು ಅಚ್ಚುಮಾಡಿ ಸಾವಿರ ಊರಿಗೆ ಸಾಗಿಸುವ ಖರ್ಚಿಗಿಂತ, ಅದೇ ಬರಹವನ್ನು ಅಂತರ್ಜಾಲದಲ್ಲಿ ಸಾವಿರ ಊರಿಗೆ ಮುಟ್ಟಿಸುವ ಖರ್ಚು ಬಹಳ ಕಡಿಮೆ. ಬಡವರಿಗೇ ಇದು ಹೆಚ್ಚು ಬೇಕಾದುದು.

ಮಾಡತಕ್ಕ ಕೆಲಸ

ವಿಶ್ವವಿದ್ಯಾನಿಲಯದವರು ಮಾಡತಕ್ಕುದನ್ನು ಮೊದಲು ಹೇಳುವೆವು. ಯಂತ್ರಗಳಿಗೆಂದು ತೆಗೆದಿಡುವ ಹಣದಲ್ಲಿ ಒಂದು ಗೊತ್ತಾದ ಪಾಲನ್ನು ಉಪಾಧ್ಯಾಯರ ತರಬೇತಿಗೂ ಇನ್ನೊಂದು ಪಾಲನ್ನು ದುರಸ್ತಿಗೂ ಮೀಸಲಿಡತಕ್ಕದ್ದು. ಕರ್ನಾಟಕದ ನೆಲ, ಜಲ, ಬೆಳೆ, ರೇಷ್ಮೆ, ದನಕರುಗಳ ವಿಚಾರವಾಗಿ ಬರೆಯುವ ಪ್ರತಿಯೊಂದು ಪ್ರಬಂಧದ ಜೊತೆಗೂ ಸಾಮಾನ್ಯ ರೈತನಿಗೆ ಅರ್ಥವಾಗುವ ಎರಡು ಪುಟದ ಕನ್ನಡ ಸಾರಾಂಶವನ್ನು, ಎಲ್ಲ ಯಂತ್ರಗಳಲ್ಲಿಯೂ ಓದಲು ಬರುವ ಯೂನಿಕೋಡ್ ಅಕ್ಷರಗಳಲ್ಲಿ ಕೊಡತಕ್ಕದ್ದು. ಅದಿಲ್ಲದೆ ಪ್ರಬಂಧವನ್ನು ಸ್ವೀಕರಿಸಬಾರದು. ಕೈಬರಹದ ಪಹಣಿಯನ್ನು ನಿಲ್ಲಿಸಿದಂತೆ, ಒಂದು ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ಮೇಲೆ ಅದೇ ಕೆಲಸದ ಹಳೆಯ ಕಾಗದವನ್ನು ಕೇಳುವುದನ್ನು ನಿಲ್ಲಿಸತಕ್ಕದ್ದು.

ಇನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಮಾಡತಕ್ಕುದು ಇದಕ್ಕಿಂತ ಕಡಿಮೆಯದಲ್ಲ. ನಮ್ಮ ಪಂಚಾಯಿತಿಗಳ ಗ್ರಂಥಾಲಯಗಳು ೨೦೧೯ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಈಗ ‘ಅರಿವು ಕೇಂದ್ರ’ಗಳೆಂಬ ಹೆಸರನ್ನು ಪಡೆದಿವೆ. ಅನೇಕ ಕಡೆ ಗಣಕಯಂತ್ರವನ್ನೂ ಕೊಟ್ಟಿರುವರು. ೨೦೧೧ರಲ್ಲಿ ಮಂಜೂರಾಗಿ ಈಗ ಭಾರತ್‌ನೆಟ್ ಎಂದು ಕರೆಯಲ್ಪಡುವ ಯೋಜನೆಯಲ್ಲಿ ಪಂಚಾಯಿತಿಗಳವರೆಗೆ ಗಾಜಿನೆಳೆಯ ತಂತಿಯನ್ನು ಎಳೆಯುವ ಕೆಲಸ ನಡೆದುಬಂದಿದೆ. ವಿಶ್ವವಿದ್ಯಾನಿಲಯವು ಕೆರೆಯಾದರೆ ಅರಿವು ಕೇಂದ್ರವೇ ನಿಮ್ಮ ಊರಿನ ತೂಬು. ಅದರ ಬಾಗಿಲು ದಿನಕ್ಕೆ ಎಷ್ಟು ಹೊತ್ತು ತೆರೆದಿರುವುದು, ಯಂತ್ರ ನಡೆಯುವುದೇ, ತಂತಿಯಲ್ಲಿ ಸಂಪರ್ಕವುಂಟೇ, ವಿದ್ಯುತ್ತು ಹೋದರೆ ಗತಿಯೇನು ಎಂಬುದನ್ನು ಈ ತಿಂಗಳೇ ಹೋಗಿ ನೋಡಿರಿ. ಕೊರತೆ ಕಂಡರೆ ಗ್ರಾಮಸಭೆಯಲ್ಲಿ ಮಂಡಿಸಿ ನಿರ್ಣಯ ಬರೆಸಿರಿ. ಸ್ಥಳವಿಲ್ಲವಾದರೆ ಅನುಕೂಲವುಳ್ಳ ಜಮೀನುದಾರರು ಒಂದು ಕೋಣೆಯನ್ನು ಬಿಟ್ಟುಕೊಡಲಿ. ಛತ್ರ ಕಟ್ಟಿಸಿದಷ್ಟೇ ಪುಣ್ಯ ಇದಕ್ಕೂ ಉಂಟು.

ಅಲ್ಲಿ ವಾರದಲ್ಲಿ ಎರಡು ದಿನ ಕಾಲೇಜಿನಲ್ಲಿ ಓದುವ ಹುಡುಗಿಯರಿಗೆ ಮೀಸಲಾದ ಹೊತ್ತನ್ನು ಗೊತ್ತುಮಾಡಿರಿ. ಅವರ ಜೊತೆಗೆ ಮನೆಯ ಹೆಂಗಸರೊಬ್ಬರು ಬಂದು ಕೂರುವಂತೆ ಏರ್ಪಡಿಸಿದರೆ ಯಾವ ತಂದೆಯೂ ಬೇಡವೆನ್ನಲಾರನು.

ಮತ್ತೊಂದು ಕೆಲಸ, ಊರಿನ ಪ್ರಶ್ನೆಗಳ ಪುಸ್ತಕ. ಅರಿವು ಕೇಂದ್ರದಲ್ಲಿ ಒಂದು ನೋಟುಪುಸ್ತಕವನ್ನಿಟ್ಟು, ರೈತರು ಕೇಳುವ ಪ್ರಶ್ನೆಗಳನ್ನು ಊರಿನ ಪದವೀಧರ ಹುಡುಗನೋ ಹುಡುಗಿಯೋ ಬರೆದಿಡಲಿ. ಉತ್ತರ ದೊರೆಯುವ ದಾರಿಗಳು ಅನೇಕ. ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯಲ್ಲಿಯೂ, ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿಯೂ ಕೃಷಿ ವಿಶ್ವವಿದ್ಯಾನಿಲಯದ ಕೃಷಿ ವಿಜ್ಞಾನ ಕೇಂದ್ರಗಳಿವೆ. ೨೦೦೪ರಿಂದ ನಡೆಯುತ್ತಿರುವ ಕಿಸಾನ್ ಕರೆ ಕೇಂದ್ರದಲ್ಲಿ (೧೮೦೦-೧೮೦-೧೫೫೧) ಖರ್ಚಿಲ್ಲದೆ ಕನ್ನಡದಲ್ಲಿಯೇ ಕೇಳಬಹುದು. ಹವಾಮಾನಕ್ಕೆ ತಕ್ಕ ಬೇಸಾಯದ ಸಲಹೆಯು ಪ್ರತಿ ಮಂಗಳವಾರ, ಶುಕ್ರವಾರ ಹ���ರಡುವುದು; ಅದನ್ನು ಮುದ್ರಿಸಿ ಕೇಂದ್ರದ ಬಾಗಿಲಿಗೆ ಅಂಟಿಸಿದರೆ ದೂರವಾಣಿಯಿಲ್ಲದವನೂ ಓದುವನು. ಬಂದ ಉತ್ತರವನ್ನು ಅದೇ ಪುಸ್ತಕದಲ್ಲಿ ಪ್ರಶ್ನೆಯ ಕೆಳಗೆ ಬರೆಯಿರಿ. ಉತ್ತರ ಬಾರದ ಪ್ರಶ್ನೆಗಳನ್ನು ವರ್ಷಕ್ಕೊಮ್ಮೆ ಪಟ್ಟಿಮಾಡಿ ಕೃಷಿ ವಿಶ್ವವಿದ್ಯಾನಿಲಯದವರಿಗೆ ಕಳುಹಿಸಿರಿ, ಕೃಷಿಮೇಳಕ್ಕೆ ಹೋದಾಗ ಅವರ ಕೈಗೇ ಕೊಡಿರಿ. ಮುಂದಿನ ಸಂಶೋಧನೆ ಯಾವುದರ ಮೇಲೆ ನಡೆಯಬೇಕೆಂಬುದನ್ನು ಸೂಚಿಸುವ ಹಕ್ಕು ಬೇಸಾಯಗಾರರಿಗೂ ಉಂಟು.

ಕಡೆಯದಾಗಿ, ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಲು ಹೋದಾಗ ಶುಲ್ಕವೆಷ್ಟು, ಹಾಸ್ಟೆಲ್ ಇದೆಯೇ ಎಂದು ಮಾತ್ರ ಕೇಳಿ ಬರಬೇಡಿರಿ. ಗಣಕಯಂತ್ರದ ಕೊಠಡಿಯನ್ನು ತೆರೆಸಿ ನೋಡಿರಿ. ಯಂತ್ರಗಳ ಮೇಲೆ ಧೂಳಿದೆಯೋ ಬೆರಳ ಗುರುತಿದೆಯೋ ಗಮನಿಸಿರಿ. ವಿದ್ವತ್ಪತ್ರಿಕೆಗಳನ್ನು ಓದಲು ಪ್ರತಿ ವಿದ್ಯಾರ್ಥಿಗೂ ಅವಕಾಶ ಕೊಟ್ಟಿರುವರೇ, ‘ಸ್ವಯಂ’ ಪಾಠಗಳಿಗೆ ದಾರಿ ತೋರುವ ಉಪಾಧ್ಯಾಯರು ಯಾರು ಎಂದು ವಿಚಾರಿಸಿರಿ. ಹತ್ತು ಜನ ತಂದೆಯರು ಕೇಳಿದರೆ ಹನ್ನೊಂದನೆಯವನು ಬರುವ ಹೊತ್ತಿಗೆ ಉತ್ತರ ಸಿದ್ಧವಾಗಿರುವುದು.

ಹೂಳು ತೆಗೆಯುವ ಕೆಲಸವನ್ನು ಹಿಂದೆ ಊರವರೆಲ್ಲರೂ ಸೇರಿ ಬೇಸಗೆಯಲ್ಲಿ ಮಾಡುತ್ತಿದ್ದರು. ಮಳೆ ಬಂದ ಮೇಲೆ ಗುದ್ದಲಿ ಹುಡುಕುತ್ತಿರಲಿಲ್ಲ. ವಿದ್ಯೆಯ ಈ ಕಾಲುವೆಗೂ ಅದೇ ಕ್ರಮವು ಅನ್ವಯಿಸುವುದು. ಮುಂದಿನ ಮುಂಗಾರಿನ ಹೊತ್ತಿಗೆ ಕಾಲೇಜುಗಳ ಪ್ರವೇಶವೂ ಹೊಲಗಳ ಬಿತ್ತನೆಯೂ ಒಟ್ಟಿಗೆ ಬರುವುವು. ಅಷ್ಟರೊಳಗಾಗಿ ಪ್ರತಿಯೊಬ್ಬ ಗ್ರಾಮಮುಖಂಡರೂ ತಮ್ಮ ಊರಿನ ಅರಿವು ಕೇಂದ್ರವನ್ನು ಸರಿಪಡಿಸಿ, ಪ್ರಶ್ನೆಯ ಪುಸ್ತಕವನ್ನು ತೆರೆದು, ಹೆಣ್ಣುಮಕ್ಕಳ ಸರದಿಯನ್ನು ಗೊತ್ತುಮಾಡುವರೆಂದು ನಂಬಿರುತ್ತೇವೆ.